ನಿವ್ವಳ ಲಾಭ ಬರುವ ತನಕ

ಹಟಮಾರಿ ಮಾವನವರಿಗೆ, ನಿಮ್ಮ ಕಿರಿಯ ಅಳಿಯ ಮಾಡುವ ನಮಸ್ಕಾರ.

ಸತ್ತವರಿಗೆ ಕಾಗದ ಬರೆಯುವ ಹುಚ್ಚು ನನಗಿಲ್ಲ. ಬದುಕಿದ್ದಾಗ ನೀವು ನನ್ನನ್ನು ಮಾತಾಡಲು ಬಿಡಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಬಾಯಿ ತೆರೆಯುವುದರೊಳಗೆ ನೀವು ಎರಡು ಕಂಪನಿ ತಂದು ನಮ್ಮಿಬ್ಬರ ನಡುವೆ ನಿಲ್ಲಿಸುತ್ತಿದ್ದಿರಿ. ಈಗಲಾದರೂ ತೆಪ್ಪಗೆ ಕೇಳಿ. ಬರುವ ಮಹಾಲಯ ಅಮಾವಾಸ್ಯೆಗೆ ನಮ್ಮ ಮನೆಯಲ್ಲಿ ನಿಮಗೆ ಎಡೆ ಇಡಬೇಕು ಅಂತ ನಿಮ್ಮ ಮಗಳು ಜಯಾ ಪಟ್ಟು ಹಿಡಿದಿದ್ದಾಳೆ. ಊರಿನಲ್ಲಿ ನಿಮ್ಮ ತಮ್ಮನ ಮಗ ಹಿರಿಯರಿಗೆಲ್ಲ ಸೇರಿಸಿ ಇಡುತ್ತಾನೆ, ಅದು ಬೇರೆ ವಿಷಯ. ನಮ್ಮ ಮನೆಗೆ ನೀವು ಬರುತ್ತೀರಾ, ಬರುವುದಿಲ್ಲವಾ? ಬದುಕಿದ್ದಾಗ ಒಂದು ದಿನವೂ ನಮ್ಮ ಹೊಸಿಲು ದಾಟದ ಮನುಷ್ಯ ಸತ್ತ ಮೇಲೆ ದಾಟುತ್ತಾನಾ ಅಂತ ಅವಳೇ ನನ್ನನ್ನು ಕೇಳಿದ್ದಾಳೆ. ನಾನೇನು ಹೇಳಲಿ?

ಹೆಣ್ಣು ಕೊಡುವ ಮುಂಚೆ ನನ್ನನ್ನು ಮದ್ದೂರಿನ ಹೋಟೆಲಿಗೆ ಕರೆಸಿಕೊಂಡಿರಲ್ಲ, ಆ ದಿನ ನೆನಪಿದೆಯಾ? ನಾನು ಹೊಸ ಷರ್ಟು ಹಾಕಿಕೊಂಡು ಬಂದಿದ್ದೆ. ಸಂಬಳ ಕೇಳುತ್ತೀರಿ, ಜಮೀನು ಕೇಳುತ್ತೀರಿ, ಬೀಡಿ ಸಿಗರೇಟು ಇದೆಯಾ ಅಂತ ಕೇಳುತ್ತೀರಿ ಅಂದುಕೊಂಡಿದ್ದೆ. ನೀವು ವಡೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಇಂಗ್ಲಿಷ್ ಪೇಪರು ಹರಡಿದಿರಿ. ನಮ್ಮ ಪಂಪುಸೆಟ್ಟಿನ ಕಂಪನಿಯ ವಾರ್ಷಿಕ ಲೆಕ್ಕ ಅದರಲ್ಲಿ ಅರ್ಧ ಪುಟ ಬಂದಿತ್ತು. "ನಿವ್ವಳ ಲಾಬ ಎಷ್ಟದೆ ಏಳು ನೋಡುಮಾ" ಅಂದಿರಿ. ನಾನು ಆ ಕಂಪನಿಯ ಮಂಡ್ಯದ ಸ್ಟೋರ್ಸಿನಲ್ಲಿ ವಾಷರು, ಬೋಲ್ಟು ನೋಡಿಕೊಳ್ಳುವವನು. ನನಗೇನು ಗೊತ್ತು? ಕಣ್ಣು ಕಣ್ಣು ಬಿಟ್ಟೆ. ಕೊನೆಗೆ ನೀವೇ ಬೆರಳಿಟ್ಟು ತೋರಿಸಿ, ಹತ್ತು ಕಂಪನಿಗಳಲ್ಲಿ ನಮ್ಮದು ಮೇಲಿನ ಸಾಲಿನಲ್ಲಿದೆ ಅಂತ ನನ್ನ ಬೆನ್ನು ತಟ್ಟಿದಿರಿ. ಮದುವೆ ಅಲ್ಲೇ ನಿಶ್ಚಯವಾಯಿತು.

ಆವತ್ತು ನೀವು ಮಾಡಿದ ಪಾಠ ಈಗಲೂ ಕಿವಿಯಲ್ಲಿದೆ. "ವೈವಾಟು ಎಷ್ಟು ಅಂತ ನೋಡ್ಬ್ಯಾಡ ಅಳೀಮಯ್ಯ. ಎಷ್ಟು ಜನ ಕೆಲ್ಸಕ್ಕವ್ರೆ ಅಂತ್ಲೂ ನೋಡ್ಬ್ಯಾಡ. ಕಬ್ಬು ಎಷ್ಟು ಟನ್ನಾಯ್ತು ಅಂತ ಮೀಸೆ ತಿರುವ್ತಾರೆ ಜನ. ಕಟಾವು, ಗಾಡಿ ಬಾಡ್ಗೆ, ಗೊಬ್ರ ಎಲ್ಲಾ ಕಳ್ದು ಕೈಗೆಷ್ಟು ಉಳೀತು? ಅದ್ ಏಳು. ಕಂಪ್ನಿಗೂ ಅಷ್ಟೇ." ಮಾತು ತಪ್ಪಲ್ಲ, ಒಪ್ಪುತ್ತೇನೆ. ಆದರೆ ಮಾವ, ಕೊಕ್ಕರೆ ಬೆಳ್ಳೂರಿನ ಪಕ್ಕದ ಹಳ್ಳಿಯಲ್ಲಿ ಕಬ್ಬು ಬೆಳೆಯುವ, ಇಂಟರ್ ತನಕ ಓದಿದ ನಿಮಗೆ ಬೊಂಬಾಯಿ, ಕಲ್ಕತ್ತೆಯ ಕಂಪನಿಗಳು ಎಷ್ಟು ಉಳಿಸಿಕೊಂಡರೆ ಏನಾಗಬೇಕಿತ್ತು? ನಿಮ್ಮ ಹತ್ತಿರ ಒಂದೇ ಒಂದು ಷೇರೂ ಇರಲಿಲ್ಲ! ಟಯರಿನ ಕಂಪನಿ ಮೇಲೆ ಬಂದರೆ ನಿಮಗೆ ಹಬ್ಬ, ಚಹಾದ ಕಂಪನಿ ಕೆಳಗೆ ಇಳಿದರೆ ನಿಮಗೆ ಸೂತಕ. ಬೇರೆಯವರು ಕುಸ್ತಿ ನೋಡುವ ಹಾಗೆ ನೀವು ಲಾಭ ನಷ್ಟ ನೋಡುತ್ತಿದ್ದಿರಿ.

ಆಷಾಢ ಕಳೆದು ಜಯಾಳನ್ನು ಮಂಡ್ಯಕ್ಕೆ ಕರೆತಂದ ದಿನವನ್ನಂತೂ ನಾನು ಸಾಯುವ ತನಕ ಮರೆಯುವುದಿಲ್ಲ. ಮದ್ದೂರಿನ ಸ್ಟೇಷನ್ನಿನಲ್ಲಿ ಪೇಪರು ಕೊಂಡು ರೈಲು ಹತ್ತಿದಾಗ ನಗುನಗುತ್ತಲೇ ಇದ್ದಿರಂತೆ. ಹನಕೆರೆಯಲ್ಲಿ ಎದುರಿನ ಗಾಡಿಗೆ ಕಾಯುತ್ತಾ ರೈಲು ನಿಂತಾಗ ಪುಟ ತಿರುವಿ ಹಾಕಿದಿರಂತೆ. ಅಲ್ಲಿಂದ ಮಂಡ್ಯದ ತನಕ ನಿಮ್ಮ ಬಾಯಿಂದ ಒಂದು ಮಾತೂ ಹೊರಡಲಿಲ್ಲ ಅಂತ ಜಯಾ ಆಮೇಲೆ ಹೇಳಿದಳು. ನಮ್ಮ ಕಂಪನಿ ಆ ವರ್ಷ ನಷ್ಟ ತೋರಿಸಿತ್ತು. ನಾನು ಬಾಗಿಲಿಗೆ ತೋರಣ ಕಟ್ಟಿ, ಪಕ್ಕದ ಮನೆಯ ಹೆಂಗಸರಿಂದ ಆರತಿ ತಟ್ಟೆ ಸಿದ್ಧಮಾಡಿಸಿ ಕಾಯುತ್ತಿದ್ದೆ. ನೀವು ಕಂಪನಿ ನನಗೆ ಕೊಟ್ಟ ಕ್ವಾರ್ಟರ್ಸಿನ ಗೇಟಿನ ಹೊರಗೇ ಟ್ರಂಕು ಇಳಿಸಿದಿರಿ. "ನಿನ್ ಕಂಪ್ನಿ ಮಕಾಡೆ ಮಲ್ಗದಲ್ಲೋ ಅಳೀಮಯ್ಯ! ಇದು ಲಾಬ ಮಾಡೋಗಂಟ ಈ ಕಂಪ್ನೀ ವೊಸ್ಲು ನಾನ್ ತುಳಿಯಾಕಿಲ್ಲ" ಅಂದುಬಿಟ್ಟಿರಿ. ನಷ್ಟ ಮಾಡಿದ್ದು ನಾನಾ? ಹೊಸದಾಗಿ ಮನೆ ಹೊಗುವ ಮಗಳ ಎದುರಿಗೆ ಆಡುವ ಮಾತಾ ಅದು?

"ಒಂದ್ ಲೋಟ ನೀರಾದ್ರೂ ಕುಡ್ಕೊಂಡ್ ಓಗಪ್ಪಯ್ಯ" ಅಂತ ಅವಳು ಅಳುತ್ತಾ ಕರೆದಳು. "ನೀರು ಇಲ್ಲಿಗೇ ತತ್ತಾ ಕಣವ್ವ" ಅಂತ ಗೇಟಿನ ಎದುರಿನ ಮೋರಿ ಕಟ್ಟೆಯ ಮೇಲೆ ಕೂತಿರಿ. ಅವತ್ತು ಕೂತವರು ಅಲ್ಲಿಂದ ಮುಂದಕ್ಕೆ ಬರಲೇ ಇಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದಿರಿ, ಬೆಲ್ಲ ತರುತ್ತಿದ್ದಿರಿ, ಅವರೆಕಾಯಿ ತರುತ್ತಿದ್ದಿರಿ, ಮೋರಿ ಕಟ್ಟೆಯ ಮೇಲೆ ಕೂತು ಮಗಳು ತಂದ ಕಾಫಿ ಕುಡಿಯುತ್ತಿದ್ದಿರಿ. ನಾನು ಕರೆದರೆ, "ಇದು ಮುನ್ಸಿಪಾಲ್ಟಿ ಕಟ್ಟೆ. ನಿನ್ ಕಂಪ್ನೀದಲ್ಲ, ಸುಮ್ಕಿರು" ಅನ್ನುತ್ತಿದ್ದಿರಿ. ಅಷ್ಟಕ್ಕೇ ಬಿಟ್ಟಿರಾ? ಕ್ವಾರ್ಟರ್ಸಿನವರಿಗೆಲ್ಲ ಕೇಳುವ ಹಾಗೆ ಯಾವ ಕಂಪನಿ ಯಾವುದನ್ನು ಹಿಂದೆ ಹಾಕಿತು ಅಂತ ಸಾರುತ್ತಿದ್ದಿರಿ. ನಮ್ಮ ಮ್ಯಾನೇಜರು ಒಂದು ದಿನ ನನ್ನನ್ನು ಕರೆದು, "ಏನ್ರೀ, ನಿಮ್ಮ ಮಾವ ನಮ್ಮ ಮೇಲೆ ಸ್ಟ್ರೈಕ್ ಕೂತಿದ್ದಾರಾ?" ಅಂತ ಕೇಳಿದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಯುಗಾದಿಯ ಮಾರನೆಯ ದಿನ ಹೊಸತೊಡಕಿಗೆ ಊರಿಗೆ ಬಂದಾಗ ಅಲ್ಲೂ ಬಿಡಲಿಲ್ಲ ನೀವು. ಅಳಿಯಂದಿರು ಕೂರುವ ಸಾಲನ್ನು ನಿವ್ವಳ ಲಾಭದ ಮೇಲೆ ಹಾಕಿಸಿದ ಮಾವ ಈ ಜಿಲ್ಲೆಯಲ್ಲಿ ಇನ್ನೊಬ್ಬ ಇದ್ದರೆ ತೋರಿಸಿ. ಜಯಾಳ ಅಕ್ಕನ ಗಂಡ, ನನ್ನ ಷಡ್ಕ, ಬೊಂಬಾಯಿಯ ಸೋಪಿನ ಕಂಪನಿಯವನು, ಅವನಿಗೆ ಮೊದಲನೇ ಎಲೆ. ಸರಿ, ದೊಡ್ಡಳಿಯ, ಕೂರಲಿ. ಆದರೆ ಅವನು ಬರದ ವರ್ಷವೂ ಮೊದಲನೇ ಎಲೆಯನ್ನು ಖಾಲಿ ಬಿಟ್ಟು ಬಡಿಸಿಸಿದಿರಲ್ಲ? ಇನ್ನೊಂದು ವರ್ಷ ಮಳವಳ್ಳಿಯಲ್ಲಿ ಸಿಮೆಂಟ್ ಚೀಲ ಮಾರುವ ನಿಮ್ಮ ದೂರದ ನೆಂಟನನ್ನು ನನಗಿಂತ ಮೇಲೆ ಕೂರಿಸಿದಿರಿ. ಅವನು ಆ ಕಂಪನಿಯ ನೌಕರನೂ ಅಲ್ಲ, ಬರೀ ಏಜೆಂಟು! "ಸಿಮೆಂಟು ಮ್ಯಾಕೆ ಬಂದದೆ ಕಣಪ್ಪ, ನಾನೇನ್ ಮಾಡ್ಲಿ" ಅಂದಿರಿ. ನಾಟಿಕೋಳಿ ಸಾರನ್ನು ಎಲೆಯಲ್ಲೇ ಬಿಟ್ಟು ಎದ್ದೆ.

ಒಂದು ಸಲ, ಒಂದೇ ಸಲ, ನಿಮ್ಮ ಗದ್ದೆಯ ಬಾವಿಯ ಹತ್ತಿರ ನಿಂತು ನಾನು ತಿರುಗಿ ಬಿದ್ದೆ. ಆ ಬಾವಿಯ ಪಂಪು ನಮ್ಮ ಕಂಪನಿಯದು. ನನ್ನ ಮದುವೆಗೂ ಮುಂಚೆ ಕೂರಿಸಿದ್ದು. "ಇದಕ್ಕೆ ಇವತ್ತಿನ ತನಕ ಒಂದು ವಾಷರಾದರೂ ಹಾಕಿಸಿದ್ದೀರಾ ಮಾವ? ಸೋಪು ನೀರಿಗಿಟ್ಟರೆ ಕರಗುತ್ತದೆ, ಮುಗಿದರೆ ಇನ್ನೊಂದು ಕೊಳ್ಳಬೇಕು. ಪಂಪು ಕರಗುತ್ತದಾ? ಕೊಂಡವರು ಮತ್ತೆ ನಮ್ಮ ಕಡೆ ತಿರುಗಿ ನೋಡುವುದಿಲ್ಲ. ಸೋಪನ್ನೂ ಪಂಪನ್ನೂ ಒಂದೇ ತಕ್ಕಡಿಗೆ ಹಾಕಿದರೆ ಹೇಗೆ? ನಿಮ್ಮ ಕಬ್ಬಿಗೆ ನೀರು ಹಾಯಿಸಿದ್ದು ಯಾವ ಕಂಪನಿಯ ಲೆಕ್ಕದಲ್ಲಿ ಬರುತ್ತದೆ?" ಅಂತ ಒಂದೇ ಉಸಿರಿನಲ್ಲಿ ಕೇಳಿದೆ. ನೀವು ಪಂಪನ್ನು ನೋಡಿದಿರಿ, ನನ್ನನ್ನು ನೋಡಿದಿರಿ. ಗೆದ್ದೆ ಅಂದುಕೊಂಡೆ. "ಅಂಗಾದ್ರೆ ಕರಗೋ ಪಂಪ್ ಮಾಡ್ಲಿ ಬುಡು" ಅಂದು ಬದುವಿನ ಮೇಲೆ ನಡೆದುಬಿಟ್ಟಿರಿ. ಹಣೆ ಹಣೆ ಚಚ್ಚಿಕೊಂಡೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ, ಹಾಳಾದ್ದು.

ಮಗುವಿಗೆ ಹೆಸರಿಟ್ಟ ದಿನದ್ದು ಮಾತ್ರ ನಗುವ ವಿಷಯವಲ್ಲ. ತಾಯಿಯಿಲ್ಲದ ತವರು ಅಂತ ಜಯಾಳ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಮೊಮ್ಮಗಳ ನಾಮಕರಣ, ಇವತ್ತಾದರೂ ಒಳಗೆ ಬರುತ್ತೀರಿ ಅಂತ ಅವಳು ಬೆಳಗಿನಿಂದ ಗೇಟನ್ನೇ ನೋಡುತ್ತಿದ್ದಳು. ಮಳೆ ಹೊಯ್ಯುತ್ತಿತ್ತು. ನೀವು ಕೊಡೆ ಹಿಡಿದು ಮೋರಿ ಕಟ್ಟೆಯ ಮೇಲೆ ಕೂತಿರಿ. ಹಸಿ ಬಾಣಂತಿ ಮಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಆ ಮಳೆಯಲ್ಲಿ ಹೊರಗೆ ಬಂದಳು. ನೀವು ಮಗುವಿನ ಕಾಲಿಗೆ ಬೆಳ್ಳಿ ಗೆಜ್ಜೆ ಹಾಕಿ, ಹಣೆಗೆ ಮುತ್ತು ಕೊಟ್ಟು, ಕಣ್ಣೊರೆಸಿಕೊಂಡು ಎದ್ದು ಹೋದಿರಿ. ಅಳುವಷ್ಟು ಪ್ರೀತಿ ಇತ್ತಲ್ಲ, ನಾಲ್ಕು ಹೆಜ್ಜೆ ಇಡಲು ಏನಾಗಿತ್ತು ನಿಮಗೆ? ಆವತ್ತು ಬಂದ ಸಿಟ್ಟು ನನಗೆ ಇನ್ನೂ ಹೋಗಿಲ್ಲ ಮಾವ. ನನ್ನನ್ನು ಎಷ್ಟು ಬೇಕಾದರೂ ಅನ್ನಿ, ಅವಳನ್ನು ಹಾಗೆ ನಿಲ್ಲಿಸಬಾರದಿತ್ತು.

ಜಯಾ ಮೇಷ್ಟರ ಕೆಲಸಕ್ಕೆ ಅರ್ಜಿ ಹಾಕಲು ಹೊರಟಾಗಲೂ ನಿಮ್ಮದೇ ಅಡ್ಡಗಾಲು. ಮದುವೆಗೆ ಮುಂಚೆಯೇ ಟ್ರೈನಿಂಗ್ ಮುಗಿಸಿದ್ದ ಹುಡುಗಿ, ಮನೆಯಲ್ಲಿ ಸುಮ್ಮನೆ ಕೂತು ಏನು ಮಾಡುವುದು ಅಂತ ನಾನೇ ಅರ್ಜಿ ತಂದುಕೊಟ್ಟಿದ್ದೆ. "ಅಳಿಯನ್ ಕಂಪ್ನಿ ಮುಳುಗ್ತದೆ ಅಂತ ಊರ್ಗೆಲ್ಲ ಡಂಗೂರ ಒಡ್ದಂಗಾಯ್ತದೆ, ಬ್ಯಾಡ" ಅಂದಿರಿ. ಆಹಾ! ಮೋರಿ ಕಟ್ಟೆಯ ಮೇಲೆ ಕೂತು ಆ ಡಂಗೂರ ಹೊಡೆಯುತ್ತಿದ್ದವರು ಯಾರು? ಆದರೂ ಅವಳು ನಿಮ್ಮ ಮಾತಿಗೆ ಎದುರಾಡದೆ ಅರ್ಜಿಯನ್ನು ಮಡಿಸಿಟ್ಟಳು. ಇಡೀ ದೇಶದ ಕಂಪನಿಗಳನ್ನು ಅಳೆದು ತೂಗಿದಿರಿ. ನಿಮ್ಮ ಮಗಳಲ್ಲಿ ಏನಿದೆ ಅಂತ ಒಂದು ಸಲ ನೋಡಿದ್ದರೆ...

ಹೋದ ವರ್ಷ ಮಳವಳ್ಳಿಯ ಮದುವೆ ಮನೆಯಲ್ಲಿ ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನೀವು ಎದೆ ಹಿಡಿದುಕೊಂಡಿರಿ. ನಾವು ಬಂದು ತಲುಪುವುದರೊಳಗೆ ಎಲ್ಲ ಮುಗಿದಿತ್ತು. ಜಯಾ ನಿಮ್ಮ ಕಾಲು ಹಿಡಿದುಕೊಂಡು, "ಒಂದ್ಸಲ ಬಂದು ಓಗಿದ್ರೆ ಏನಾಗ್ತಿತ್ತಪ್ಪಯ್ಯ" ಅಂತ ಅತ್ತದ್ದನ್ನು ನೆಂಟರೆಲ್ಲ ಕೇಳಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಹೇಳಲು ನಾಚಿಕೆಯಾಗುತ್ತದೆ, ನನಗೂ ಅಳು ಬಂತು. ಜಗಳ ಆಡಲು ಇದ್ದ ಒಬ್ಬ ಮನುಷ್ಯ ಹೀಗೆ ಅರ್ಧಕ್ಕೇ ಎದ್ದು ಹೋದರೆ ಏನು ಮಾಡುವುದು?

ಮೊನ್ನೆ ಪೇಪರಿನಲ್ಲಿ ಈ ವರ್ಷದ ಲೆಕ್ಕ ಬಂತು. ನೀವು ಇಲ್ಲದಿದ್ದರೂ ನನ್ನ ಕಣ್ಣು ತಾನಾಗಿ ಕೊನೆಯ ಸಾಲಿಗೆ ಹೋಗುತ್ತದೆ, ನೋಡಿ ನೀವು ಹತ್ತಿಸಿದ ರೋಗ. ಸೋಪು ಮೇಲೇ ಇದೆ, ನಿಶ್ಚಿಂತೆಯಾಗಿರಿ. ನಮ್ಮದು ಈ ಸಲವೂ ನಷ್ಟ. ಪೇಪರು ಮಡಿಸಿಟ್ಟು ಜಯಾಳಿಗೆ ಹೇಳಿದೆ. ಅವಳು, "ಅಂಗಾದ್ರೆ ಎಡೇನ ಮೋರಿ ಕಟ್ಟೆ ಮ್ಯಾಲೇ ಇಕ್ಕುಮಾ ಕಣ್ರೀ. ಒಳ್ಗಿಕ್ಕುದ್ರೆ ಅಪ್ಪಯ್ಯ ಬರಾಕಿಲ್ಲ" ಅಂದಳು. ನನಗೆ ತಲೆ ಕೆಟ್ಟು ಹೋಯಿತು. ಎಡೆಯನ್ನು ಮೋರಿಯ ಮೇಲೆ ಇಡುವುದಾ? ನಾಯಿ ಬಾಯಿ ಹಾಕುವುದಿಲ್ಲವಾ, ಕ್ವಾರ್ಟರ್ಸಿನವರು ನಗುವುದಿಲ್ಲವಾ? "ಸತ್ತ ಮೇಲೂ ನಿಮ್ಮಪ್ಪನ ಹಟಕ್ಕೆ ನಾನು ಕುಣಿಯಬೇಕಾ?" ಅಂತ ಕೂಗಾಡಿದೆ. ಅವಳು ಎದ್ದು ಒಳಗೆ ಹೋದಳು.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ ಹೇಳುತ್ತೇನೆ. ನೀವು ಹೋದ ಮೇಲೆ ಅವಳು ಮಡಿಸಿಟ್ಟಿದ್ದ ಆ ಅರ್ಜಿಯನ್ನು ಹೊರತೆಗೆದು ಕಳಿಸಿದಳು, ಕೆಲಸ ಸಿಕ್ಕಿತು. ಹನಕೆರೆಯ ಸ್ಕೂಲಿನಲ್ಲಿ ಈಗ ಅವಳು ಮೇಡಮ್ಮು. ದಿನಾ ಮಂಡ್ಯದಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ಆ ಜಗಳವಾದ ವಾರವೇ ಒಂದು ಸಂಜೆ ಸ್ಕೂಲಿನಿಂದ ಬಂದವಳು ಚೀಲ ಇಟ್ಟು, "ಹನಕೆರೇಲಿ ಒಂದ್ ಮನೆ ನೋಡ್ದೆ ಕಣ್ರೀ. ಅಡ್ವಾನ್ಸ್ ಕೊಟ್ಬುಟ್ಟು ಬಂದಿವ್ನಿ" ಅಂದಳು.

"ಯಾರನ್ನು ಕೇಳಿ ಕೊಟ್ಟೆ?"

"ನನ್ ಸಂಬ್ಳ, ನಾನ್ ಕೊಟ್ಟೆ. ಕರಾರೂ ನನ್ನೆಸ್ರಲ್ಲೇ ಅದೆ."

"ಇಲ್ಲಿ ಬಾಡಿಗೆಯಿಲ್ಲದ ಕ್ವಾರ್ಟರ್ಸ್ ಇರುವಾಗ ನಿನಗೇನು ಬಂತು?"

"ಕಂಪ್ನೀ ವೊಸ್ಲು ತುಳಿಯಾಕಿಲ್ಲ ಅಂತ ತಾನೆ ಅಪ್ಪಯ್ಯ ಅಂದಿದ್ದು? ಇದು ಯಾವ್ ಕಂಪ್ನೀ ವೊಸ್ಲೂ ಅಲ್ಲ. ನಂದು."

ನಾನು ಪಾತ್ರೆ ಸಾಮಾನು ಕಟ್ಟಿದೆ, ಇನ್ನೇನು ಮಾಡಲಿ? ಈಗ ಅವಳು ಸ್ಕೂಲಿಗೆ ನಡೆದು ಹೋಗುತ್ತಾಳೆ, ನಾನು ಬೆಳಗಾಗೆದ್ದು ಸ್ಟೇಷನ್ನಿಗೆ ಓಡುತ್ತೇನೆ. ಅಪ್ಪ ಮಗಳು ಇಬ್ಬರೂ ಸೇರಿ ನನ್ನನ್ನು ಸರಿಯಾಗಿ ಓಡಾಡಿಸುತ್ತಿದ್ದೀರಿ. ಆದರೆ ಹೊಸಿಲಿಗೆ ಅರಿಶಿನ ಬಳಿಯುವಾಗ ಅವಳ ಮುಖ ನೋಡಿದೆ ಮಾವ. ಅದನ್ನು ನೋಡಿದ ಮೇಲೆ ನನಗೆ ತಕರಾರು ಇಲ್ಲ.

ಅಮಾವಾಸ್ಯೆಯ ದಿನ ನಿಮಗೆ ಇಷ್ಟವಾದದ್ದನ್ನೆಲ್ಲ ಅವಳು ತನ್ನ ಸಂಬಳದಲ್ಲಿ ತಂದು, ತನ್ನ ಕೈಯಲ್ಲಿ ಬೇಯಿಸಿ, ತನ್ನ ಮನೆಯ ನಡುವೆ ಎಲೆ ಹಾಕಿ ಬಡಿಸುತ್ತಾಳೆ. ಅಡ್ಡ ಮಾತಾಡದೆ ಬಾಗಿಲು ತೆರೆದಿಡುವುದು ನನ್ನ ಕೆಲಸ, ಆ ಮಾತು ಕೊಡುತ್ತೇನೆ. ಕರೆಯುವವಳು ಅವಳೇ. ನೀವು ಬರದೇ ಹೋದರೆ ಈ ಸಲ ನಷ್ಟ ಯಾರದ್ದು ಅಂತ ನೀವೇ ಯೋಚನೆ ಮಾಡಿ. ಕಾಲು ತೊಳೆದುಕೊಂಡು ಒಳಗೆ ಬನ್ನಿ ಮಾವ, ನಿಮ್ಮ ಮಗಳ ಮನೆಗೆ.