ಮಂಗಳವಾರದ ಸೌನಾ

ನವೆಂಬರ್ 18, ಮಂಗಳವಾರ

ಹೇಳಬಾರದಿತ್ತು. ರಾತ್ರಿ ಊಟಕ್ಕೆ ಮೀನಿನ ಸೂಪ್ ಬಡಿಸುತ್ತಾ ತೌನೊಗೆ ಹೇಳಿಯೇ ಬಿಟ್ಟೆ: “ನೀನಂದ್ರೆ ನಂಗೆ ತುಂಬಾ ಪ್ರೀತಿ ಕಣೋ.” ಮದುವೆಯಾಗಿ ಇಷ್ಟು ವರ್ಷವಾಯಿತು, ಅವನ ಬಾಯಿಂದಲೂ ಒಂದು ಸಲ ಕೇಳುವ ಆಸೆ, ಅಷ್ಟೇ.

ಅವನ ಚಮಚ ಅರ್ಧಕ್ಕೇ ನಿಂತಿತು. “ಡಾಕ್ಟರ್ ಏನಂದ್ರು?”

“ಯಾವ ಡಾಕ್ಟರೂ ಇಲ್ಲ. ಸುಮ್ನೆ ಹೇಳ್ದೆ.”

“ಸುಮ್‌ಸುಮ್ನೆ ಯಾರಾದ್ರೂ ಹೀಗೆಲ್ಲ ಅಂತಾರಾ?”

ನಮ್ಮ ಫಿನ್‌ಲ್ಯಾಂಡಿನ ಗಂಡಸರಿಗೆ ಇದು ಆಸ್ಪತ್ರೆಯ ಮಂಚದ ಪಕ್ಕ ಆಡುವ ಮಾತು! ದಿನಾ ನನಗಿಂತ ಮೊದಲೆದ್ದು ನನ್ನ ಕಾರಿನ ಗಾಜಿನ ಮೇಲಿನ ಹಿಮ ಕೆರೆಯುತ್ತಾನೆ, ಗೊತ್ತು. ಆದರೆ ಕಿವಿಗೂ ಏನಾದರೂ ಬೇಕಲ್ಲ.

ಊಟ ಬಿಟ್ಟು ಎದ್ದು ಹೋದ. ಕೂತಲ್ಲಿ ಕೂರಲಾಗದೆ ಕಿಟಕಿಯಲ್ಲಿ ನೋಡಿದರೆ, ಅಂಗಳದಾಚೆ ಸೌನಾದ ಚಿಮಣಿಯಲ್ಲಿ ಹೊಗೆ. ಶನಿವಾರ ಬಿಟ್ಟು ಬೇರೆ ದಿನ ಅವನು ಹಬೆಸ್ನಾನಕ್ಕೆ ಒಲೆ ಹಚ್ಚಿದ್ದು ನನ್ನಮ್ಮ ತೀರಿಕೊಂಡಾಗ ಮಾತ್ರ.

ಈಗ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಾನೆ.

“ಬಾ ಹಿಲ್ಕಾ, ಸೌನಾ ಕಾದಿದೆ. ಹೆದರ್ಬೇಡ, ನಾನಿದೀನಿ. ಎಷ್ಟು ದಿನ ಅಂತ ಹೇಳಿದಾರೆ?”

‘ನಾನಿದೀನಿ’ ಅಂದನಲ್ಲ! ನನಗೇನೂ ಆಗಿಲ್ಲವೆಂದು ನಂಬಿಸಿಬಿಟ್ಟರೆ ಇನ್ನೊಂದು ಸಲ ಅನ್ನುವುದಿಲ್ಲ. ಉತ್ತರ ಕೊಡದೆ ಬರೆಯುತ್ತಾ ಕೂತಿದ್ದೇನೆ. ಪಾಪ, ನನ್ನ ಬೂಟುಗಳನ್ನೂ ತಂದು ಕಾಲ ಬಳಿ ಇಡುತ್ತಿದ್ದಾನೆ.