ಟವೆಲ್ಲಿನ ಕೆಳಗಿನ ದರ

ಫೆಬ್ರುವರಿ 12, ಬೆಳಿಗ್ಗೆ 7

ಗಿರಣಿ ಶುರು. ಮತ್ತೆ ಮಾಸಲು ಪುಡಿ. ಮೈದುನ ದಿನಕರ ತಂದುಕೊಟ್ಟ ಅರಿಶಿನವೇ ಅಂಥದ್ದು. ಒಳ್ಳೆಯ ರಾಶಿ ಅವನ ಅಂಗಡಿಗೆ, ಉಳಿದದ್ದು ನನಗೆ. ಹನ್ನೊಂದು ವರ್ಷವಾಯಿತು — ಇವರು ತೀರಿಹೋದಾಗಿನಿಂದ. ಮಾಡುವುದೇನು? ಸಾಂಗ್ಲಿಯಲ್ಲಿ ಅರಿಶಿನದ ಲಿಲಾವು ಟವೆಲ್ಲಿನ ಕೆಳಗೆ. ದಲಾಲನ ಬೆರಳು ಹಿಡಿದು ಗುಟ್ಟಾಗಿ ದರ ಹೇಳಬೇಕು. ಹೆಂಗಸು ಅಲ್ಲಿ ಕೈ ಹಾಕುವುದುಂಟೆ? ಪುಣೆಯ ಗಿರಾಕಿ ಖಡಾಖಂಡಿತ ಹೇಳಿದ್ದಾನೆ — ಈ ಸಲವೂ ಬಣ್ಣವಿಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತಾನಂತೆ. ಅವನು ಹೋದರೆ ಗಿರಣಿಗೆ ಬೀಗ.

ಫೆಬ್ರುವರಿ 20

ಮಾರುಕಟ್ಟೆಯಲ್ಲಿ ನೋಟಿಸು. ಮಾರ್ಚ್ ಒಂದರಿಂದ ಲಿಲಾವು ಮೊಬೈಲಿನಲ್ಲಿ! ಎರಡೆರಡು ಸಲ ಓದಿದೆ. ಖರೀದಿಯ ಲೈಸೆನ್ಸ್ ನನ್ನ ಹೆಸರಿನಲ್ಲೇ ಇದೆಯಲ್ಲ...

ದಿನಕರ ನಕ್ಕ. “ವೈನಿ, ಗಾಜಿನ ಮ್ಯಾಲ ಬೆರಳ ಉಜ್ಜಿದ್ರ ಅರಿಶಿನದ ಬಣ್ಣ ತಿಳೀತೈತೇನು?”

“ಮುರದ ನೋಡ್ತೀನಿ, ಮೂಸಿ ನೋಡ್ತೀನಿ. ಆಮ್ಯಾಲ ಒತ್ತತೀನಿ. ನಿಮ್ಮ ಕಾಲ ಹಿಡಿಯೂದು ತಪ್ಪಿತಲ್ಲ, ಅಷ್ಟ ಸಾಕು.”

ಮಾರ್ಚ್ 1, ಮಧ್ಯಾಹ್ನ 2

ಈಗಷ್ಟೇ ಮಾರುಕಟ್ಟೆಯಿಂದ ಬಂದೆ. ಬರೆದೇ ಬಿಡುತ್ತೇನೆ.

ಹದಿನಾಲ್ಕನೆಯ ರಾಶಿ. ಕೊಂಬು ಮುರಿದೆ, ಟಕ್ಕೆಂದಿತು. ಒಳಗೆ ಅಪ್ಪಟ ಕೇಸರಿ. ದಿನಕರನ ಕಣ್ಣೂ ಅದರ ಮೇಲೆಯೇ. ಯಾರ ದರ ಯಾರಿಗೂ ಕಾಣದು, ಆದರೂ ಪುಣ್ಯಾತ್ಮ ಫೋನಿನ ಮೇಲೆ ಟವೆಲ್ಲು ಹೊದಿಸಿಕೊಂಡೇ ಒತ್ತಿದ! ನಾನು ಕ್ವಿಂಟಲಿಗೆ ಹದಿನಾಲ್ಕು ಸಾವಿರದ ಆರುನೂರು ಒತ್ತಿದೆ. ಸಮಯ ಮುಗಿಯಿತು. ದೊಡ್ಡ ಪರದೆಯ ಮೇಲೆ ನನ್ನ ಹೆಸರು, ನನ್ನ ದರ — ಇಂದುಮತಿ ಘಾಟಗೆ, 14,600.

“ಮೋಸ! ನಾ ಏಳನೂರ ಹಾಕೀನಿ, ವೈನೀದು ಆರನೂರ!” ದಿನಕರ ಕೂಗಾಡಿದ.

ಗುಮಾಸ್ತ ಅವನ ಫೋನು ನೋಡಿದ. “ಸಾವ್ಕಾರ್ರ, ನೀವು ಬರೇ ಏಳನೂರ ಹಾಕೀರಿ. ಹದಿನಾಲ್ಕ ಸಾವಿರ ಎಲ್ಲೈತ್ರಿ?”

“ಅದು ಎಲ್ಲಾರಿಗೂ ಗೊತ್ತಿದ್ದದ್ದಲ್ಲೇನೋ!”

ಟವೆಲ್ಲಿನ ಕೆಳಗೆ ಸಾವಿರ ಯಾರು ಹೇಳುತ್ತಾರೆ? ಬೆರಳಲ್ಲಿ ಹೇಳುವುದು ಮೇಲಿನ ನೂರಷ್ಟೇ. ಮೊಬೈಲಿಗೆ ಆ ದಾಕ್ಷಿಣ್ಯವೆಲ್ಲಿ! ಮಾರುಕಟ್ಟೆಗೆ ಮಾರುಕಟ್ಟೆಯೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಗೆದ್ದೆ, ಗೆದ್ದೆ, ಗೆದ್ದೆ.

ಮಾರ್ಚ್ 9

ಅವನ ಎಡವಟ್ಟಿನಿಂದ ಗೆದ್ದೆನೆಂದು ಯಾರೂ ಅನ್ನುವ ಹಾಗಿಲ್ಲ. ಆಮೇಲೆ ಇನ್ನೂ ನಾಲ್ಕು ರಾಶಿ ಹಿಡಿದೆ, ನ್ಯಾಯವಾಗಿ. ಪುಣೆಯಿಂದ ಫೋನು — “ಇಂದುಮತಿಬಾಯಿ, ಇಷ್ಟ ದಿನಾ ಈ ಮಾಲ್ ಎಲ್ಲಿ ಮುಚ್ಚಿಟ್ಟಿದ್ರಿ?” ದುಪ್ಪಟ್ಟು ಆರ್ಡರು! ಗಿರಣಿ ಉಳಿಯಿತು. ಒಳಗೆ ಹೋಗಿ ಮನಸಾರೆ ಅತ್ತು ಬಂದೆ.

ಮಾರ್ಚ್ 10, ಬೆಳಿಗ್ಗೆ 10.50

ದಿನಕರ ಬಂದು ಕೂತಿದ್ದಾನೆ. ಕೈಯಲ್ಲಿ ಫೋನು, ಮುಖ ಇಷ್ಟೇ ಇಷ್ಟು. “ವೈನಿ, ಇದನ್ನ ಒಂದೀಟ ಕಲಿಸ್ರಿ... ಹೊರಗ ಯಾರಿಗೂ ಹೇಳಬ್ಯಾಡ್ರಿ ಮತ್ತ.”

ಕಲಿಸುತ್ತೇನೆ. ಚಹಾ ಕೂಡ ಕೊಡುತ್ತೇನೆ. ಆದರೆ ಹನ್ನೊಂದು ಗಂಟೆಯ ಲಿಲಾವು ಮುಗಿದ ಮೇಲೆ. ಬೆಳಿಗ್ಗೆಯೇ ಮುರಿದು ನೋಡಿ ಬಂದ ಮೂರನೆಯ ರಾಶಿ ನನಗೆ ಬೇಕೇ ಬೇಕು, ಅದನ್ನು ಇವನಿಗೆ ಯಾಕೆ... ಅಯ್ಯೋ, ಶುರುವಾಯಿತು —