ಫೈರಿಂಗ್ ಗುಡ್ಡೆಯ ಹುಲ್ಲು

ಕಾರ್ಕಳ
೧-೧೨-೧೯೭೯, ಶನಿವಾರ

ಪ್ರೀತಿಯ ಮಗಳು ಬೇಬಿಗೆ ಅಮ್ಮನ ಮನಸಾರೆ ಆಶೀರ್ವಾದಗಳು.

ನಿನ್ನ ಎರಡು ಕಾಗದಗಳೂ ಬಂದಿವೆ. ಉತ್ತರ ತಡವಾಯಿತು, ಸಿಟ್ಟು ಮಾಡಬೇಡ. ಇನ್‌ಲ್ಯಾಂಡ್ ತಂದಿಟ್ಟು ಹದಿನೈದು ದಿನವಾಯಿತು. ಬರೆಯಲು ಕುಳಿತರೆ ನಿನ್ನ ಅಪ್ಪ ಪಕ್ಕದಲ್ಲಿ ಬಂದು ಕೂರುತ್ತಾರೆ, "ಎಂತ ಬರೆದದ್ದು? ಓದು" ಎನ್ನುತ್ತಾರೆ. ಮತ್ತೆ ನನ್ನ ಕೈ ಓಡುವುದಿಲ್ಲ. ಇವತ್ತು ಅವರು ಮಲಗಿದ ಮೇಲೆ ಕುಳಿತಿದ್ದೇನೆ. ಮಗುವಿಗೆ ಹಲ್ಲು ಬಂತೆಂದು ಕೇಳಿ ಇಬ್ಬರಿಗೂ ಸಂತೋಷವಾಯಿತು. ಅಳಿಯಂದಿರು ಮುಂಬಯಿಯ ನೀರು ಕುಡಿದು ಸೊರಗಿದ್ದಾರೆ ಎಂದು ಬರೆದಿದ್ದೆ, ಊರಿಗೆ ಬಂದಾಗ ನಾನು ಸರಿ ಮಾಡುತ್ತೇನೆ ಎಂದು ಹೇಳು.

ಪಲ್ಟನಿನವರು ಈ ವರ್ಷವೂ ಫೈರಿಂಗ್ ಗುಡ್ಡೆಯಲ್ಲಿ ಹತ್ತು ದಿನ ತರಬೇತಿ ಮಾಡಿ ಹೋದರು. ಮಿಲಿಟರಿ ಬಿಟ್ಟರೂ ಅಪ್ಪನಿಗೆ ಗುಡ್ಡೆಯ ಈ ಕೆಲಸ ಬಿಡಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು. ತೋಡಿದ ಕಂದಕ ಮುಚ್ಚಿದ್ದಾರೋ, ಮಣ್ಣು ಜಾರಿ ಕೆಳಗಿನ ಗದ್ದೆಗೆ ಇಳಿಯುತ್ತದೋ, ಸಿಡಿಯದ ಫಿರಂಗಿ ಗುಂಡು ಎಲ್ಲಾದರೂ ಉಳಿದಿದೆಯೋ, ಎಲ್ಲ ನೋಡಿ ತಾಲೂಕು ಕಚೇರಿಗೆ ವರದಿ ಬರೆದು ಸಹಿ ಹಾಕಬೇಕು. ಗುಡ್ಡೆಯ ಬುಡದ ಮದಗದ ನೀರನ್ನು ಎರಡು ಬಾಟ್ಲಿ ತುಂಬಿಸಿ ಪರೀಕ್ಷೆಗೆ ಮಣಿಪಾಲಕ್ಕೆ ಕಳುಹಿಸಿದ್ದೇವೆ. ಈ ಸಲ ಅದರ ಮೇಲೆ ಎಣ್ಣೆಯಂಥ ಪದರ ನಿಂತಿದೆ. ದನಗಳು ಮೂಸಿ ನೋಡಿ ಕುಡಿಯದೆ ಹಿಂದಿರುಗುತ್ತವೆ.

ಅಪ್ಪನ ಸಹಿ ಬಿದ್ದ ಮೇಲೆಯೇ ಅಲ್ಲಿ ಮುಳಿಹುಲ್ಲಿನ ಕೊಯ್ಲು. ಈ ಸಲ ಏಲಂನಲ್ಲಿ ಹಿಡಿದವರು ಶೇಕಬ್ಬ ಬ್ಯಾರಿಗಳು. ಮನೆಯ ಮಾಡಿಗೆ ಹೊದಿಸಲು ಕಾಪು, ಪಡುಬಿದ್ರಿಯವರೆಗೂ ಅವರ ಹುಲ್ಲು ಹೋಗುತ್ತದೆ. ನಿನ್ನೆ ಬಂದವರು ಜಗಲಿಯಲ್ಲಿ ನಿಂತೇ ಹೇಳಿದರು, "ಹವಾಲ್ದಾರ್ರೇ, ನೀವು ಆಗಬಹುದು ಹೇಳಿದರೆ ಮಾತ್ರ ನಾನು ಹೆಂಗಸರನ್ನು ಗುಡ್ಡೆ ಹತ್ತಿಸುವುದು. ನಿಮ್ಮ ಸಹಿ ಉಂಟಲ್ವಾ, ನನಗೆ ಅಷ್ಟು ಸಾಕು ಮಾರಾಯ್ರೆ." ಅಪ್ಪನ ಬೆನ್ನು ನೆಟ್ಟಗಾಯಿತು. ಬುಧವಾರ ಕೊಯ್ಲು ಶುರು. ನೆರೆಮನೆಯ ಅಪ್ಪಿ ಆಗಲೇ ಕತ್ತಿ ಮಸೆದಿಟ್ಟು, "ಗುಣವತಿಯಕ್ಕ, ಬೇಗ ಹೋದವರಿಗೆ ಒಳ್ಳೆ ಹುಲ್ಲು. ನಾನೇ ಮೊದಲು" ಎನ್ನುತ್ತಿದ್ದಾಳೆ.

ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಅಪ್ಪನ ಕಣ್ಣು ಸರಿಯಿಲ್ಲ. ಪೊರೆಯಲ್ಲ, ನರದ ತೊಂದರೆ, ಹೋದ ದೃಷ್ಟಿ ಹಿಂದೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಎದುರಿಗೆ ಕುಳಿತವರ ಮುಖ ಕಾಣುತ್ತದೆ, ತನ್ನ ಕಾಲಬುಡ ಕಾಣುವುದಿಲ್ಲ. ಯಾರಿಗೂ ಹೇಳಬಾರದೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಎರಡು ವರ್ಷದಿಂದ ಗುಡ್ಡೆಯಲ್ಲಿ ನೋಡುವವಳು ನಾನು, ಬರೆಯುವವಳೂ ನಾನು, ಸಹಿ ಮಾತ್ರ ಅವರದು. ಗಂಡ ಹೆಂಡತಿ ಈ ವಯಸ್ಸಿನಲ್ಲಿ ಜೋಡಿಯಾಗಿ ತಿರುಗಾಡುತ್ತಾರೆ ಎಂದು ಊರವರು ನಗುತ್ತಾರೆ. ನಾನೂ ನಕ್ಕುಬಿಡುತ್ತೇನೆ.

ಹೋದ ವರ್ಷ ಒಂದು ಸಿಡಿಯದ ಗುಂಡು ಸಿಕ್ಕಿತು. ಸುತ್ತ ಕಲ್ಲಿಟ್ಟು ಗುರುತು ಮಾಡಿ, ಪಲ್ಟನಿಗೆ ತಿಳಿಸಿ, ದೂರ ನಿಲ್ಲಬೇಕಾದದ್ದು ಕ್ರಮ. ಇವರು ಮಂಡಿಯೂರಿ ಕೂತು ಕುರುಡರ ಹಾಗೆ ಕೈಯಿಂದ ತಡಕಿದರು! "ಇಂಥದ್ದು ನೂರು ನೋಡಿದ್ದೇನೆ, ನೀನು ಸುಮ್ಮನಿರು" ಎಂದು ನನ್ನನ್ನೇ ಗದರಿಸಿದರು. ಆ ಕೈಗಳನ್ನು ಈಗಲೂ ಕನಸಿನಲ್ಲಿ ಕಾಣುತ್ತೇನೆ.

ಇದನ್ನೆಲ್ಲ ಅಪ್ಪನಿಗೆ ಬರೆಯುವ ಕಾಗದದಲ್ಲಿ ಎತ್ತಬೇಡ. ಮಗುವಿಗೆ ಮುತ್ತು. ನೀವು ಮೂವರೂ ನೂರು ಕಾಲ ತಣ್ಣಗೆ ಬಾಳಿ.

ನಿನ್ನ ಅಮ್ಮ,
ಗುಣವತಿ

ವಿ.ಸೂ. ಸೋಮವಾರ ಬೆಳಿಗ್ಗೆ. ಪಲ್ಟನಿಗೆ ತಂತಿ ಕೊಡಲು ಪೋಸ್ಟಾಫೀಸಿಗೆ ಬಂದಿದ್ದೇನೆ. ಅದು ಹೋಗುವವರೆಗೆ ನಿಂತುಕೊಂಡೇ ಇಷ್ಟು ಬರೆಯುತ್ತಿದ್ದೇನೆ. ಕಳೆದ ಗುರುವಾರ ಮದಗದ ಮೇಲಿನ ಇಳಿಜಾರಿನಲ್ಲಿ, ಹುಲ್ಲಿನ ನಡುವೆ ಒಂದು ಗುಂಡು ಬಿದ್ದಿತ್ತು. ನಾನು ನಿಂತದ್ದು ಗೊತ್ತಾಗಿ ಅಪ್ಪ "ಎಂತ ಉಂಟು?" ಎಂದು ಕೇಳಿದರು. ಹೇಳಿದರೆ ಕೈ ಹಾಕುತ್ತಾರೆ ಎಂದು ಹೆದರಿ "ಎಂತದೂ ಇಲ್ಲ, ಬನ್ನಿ" ಎಂದುಬಿಟ್ಟೆ. ನನ್ನ ಮಾತು ನಂಬಿ ಸಹಿ ಹಾಕಿದರು. ಕೊಯ್ಲಿಗೆ ಮೊದಲು ನಾನೇ ಹೋಗಿ ಕಲ್ಲಿಟ್ಟು ಗುರುತು ಮಾಡುವ ಎಂದುಕೊಂಡು ಇವತ್ತು ಬೆಳಗಾಗುತ್ತಲೇ ಗುಡ್ಡೆ ಹತ್ತಿದೆ. ಅದು ಅಲ್ಲಿಲ್ಲ ಬೇಬಿ. ಅದು ಬಿದ್ದಿದ್ದಲ್ಲಿ ಹುಲ್ಲು ಅಮುಕಿ ಹೋಗಿದೆ, ಪಕ್ಕದಲ್ಲಿ ಎರಡು ಹಿಡಿ ಹೊಸದಾಗಿ ಕೊಯ್ದಿದ್ದಾರೆ. ಹಿತ್ತಾಳೆಯೆಂದು ತಿಳಿದು ಯಾರೋ ಹುಲ್ಲಿನಲ್ಲಿ ಸುತ್ತಿ ಮನೆಗೆ ಹೊತ್ತುಕೊಂಡು ಹೋಗಿದ್ದಾರೆ. ಇಲ್ಲಿಂದ ನೇರ ಅಪ್ಪಿಯ ಮನೆಗೆ, ಮತ್ತೆ ಒಂದೊಂದು ಮನೆಗೂ ಹೋಗಿ ಕೇಳುತ್ತೇನೆ. ಅಪ್ಪನ ಮಾನ ಹೋದರೆ ಹೋಗಲಿ. ಆದರೆ ಅವರು ನನ್ನ ಮುಖ ನೋಡಿ "ಇನ್ನು ಎಲ್ಲೆಲ್ಲಿ ಇಲ್ಲ ಎಂದಿದ್ದಿ?" ಎಂದು ಕೇಳಿಯೇ ಕೇಳುತ್ತಾರೆ. ಇನ್ನೂ ಎರಡು ಕಡೆ ಎಂದು ಹೇಳಬೇಕು.